ಸಹಾಯ ಬೇಕು: ಮನೆಯಲ್ಲೇ ಸಿಒ2 ರಿಯಾಕ್ಟರ್ ಮಾಡಿದವರು ಇದ್ದೀರಾ?

ನಮಸ್ಕಾರ, ಮಡಿಕೇರಿಯಿಂದ ಬರೆಯುತ್ತಿದ್ದೇನೆ. ನನ್ನ ಅಕ್ವೇರಿಯಂನ ಗಿಡಗಳಿಗೆ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಗಲಿ ಅಂತ ಸಕ್ಕರೆ, ಯೀಸ್ಟ್ ಬಾಟಲಿ ಇಟ್ಟಿದ್ದೆ, ಆದರೆ ಮಳೆಗಾಲದ ಈ ಚಳಿಗೆ ಯೀಸ್ಟ್ ಕೆಲಸ ಮಾಡುವುದೇ ಕಮ್ಮಿ. ಈಗ ಸಿಟ್ರಿಕ್ ಆಸಿಡ್, ಅಡುಗೆ ಸೋಡಾ. ಗ್ಯಾಸ್ ಜೋರಾಗಿಯೇ ಬರುತ್ತದೆ, ಆದರೆ ಗುಳ್ಳೆಗಳು ಕರಗದೆ ಸುಮ್ನೆ ಮೇಲೆ ಬಂದು ಒಡೆಯುತ್ತವೆ, ಡ್ರಾಪ್ ಚೆಕರ್ (ನೀರಲ್ಲಿ ಸಿಒ2 ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪುಟ್ಟ ಸಾಧನ) ನೀಲಿಯಿಂದ ಹಸಿರಿಗೆ ತಿರುಗುತ್ತಲೇ ಇಲ್ಲ. ರೊಟಾಲಾ ಗಿಡದ ತುದಿಯೆಲ್ಲ ಬಿಳಚಿಕೊಂಡಿದೆ, ನೋಡಲಿಕ್ಕೆ ಸಂಕಟ.

ಫಿಲ್ಟರ್‌ನಿಂದ ನೀರು ವಾಪಸ್ ಬರುವ ದಾರಿಯಲ್ಲಿ ಪಿವಿಸಿ ರಿಯಾಕ್ಟರ್, ಅಂದರೆ ಗ್ಯಾಸನ್ನು ನೀರಿನಲ್ಲಿ ಕರಗಿಸುವ ಪೈಪ್, ಕೂರಿಸಬೇಕು ಅಂತಿದ್ದೇನೆ. ನೀರು ಮೇಲಿಂದ ಕೆಳಗೆ ಹರಿಯಬೇಕು, ಗುಳ್ಳೆ ಮೇಲೇಳಲು ನೋಡುತ್ತಾ ಒಳಗೇ ಸುತ್ತಿ ಕರಗಬೇಕು, ಅಲ್ವಾ? 60 ಲೀಟರ್ ತೊಟ್ಟಿಗೆ ಪೈಪ್ ಎಷ್ಟು ದಪ್ಪ, ಎಷ್ಟು ಉದ್ದ ಇರಲಿ? ಗ್ಯಾಸ್ ಟ್ಯೂಬ್ ತೂರಿಸುವ ತೂತು ಸೋರದಂತೆ ಏನು ಹಚ್ಚುತ್ತೀರಿ? ಸಾಮಾನು ತರಲು ಭಾನುವಾರ ಕುಶಾಲನಗರಕ್ಕೆ ಹೋಗುತ್ತೇನೆ, ಅಷ್ಟರೊಳಗೆ ಯಾರಾದರೂ ಹೇಳಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.