ನೆಟ್ಟಗಿರುವ ಮರದ ಬೀಜ ತಂದರೆ ಸಾಕಾ?

ನೆರಳು: ಕಾಡಲ್ಲಿ ಎಲ್ಲಕ್ಕಿಂತ ನೆಟ್ಟಗೆ, ದಪ್ಪಗೆ ಬೆಳೆದ ಮರದ ಬೀಜ ತಂದು ನೆಡುತೋಪು ಮಾಡಿದರೆ ಸಾಕಲ್ವಾ? ತಳಿ ಸುಧಾರಣೆ ಅಂತ ಸುಮ್ನೆ ವರ್ಷಗಟ್ಟಲೆ ಯಾಕೆ ಕಾಯಬೇಕು?

ಸಸಿಗಾರ: ಸಾಲದು. ಆ ಮರ ದಪ್ಪಗಾಗಿದ್ದು ಬುಡದ ಮಣ್ಣಿನಿಂದಲೋ, ಪಕ್ಕದ ಮರ ಬಿದ್ದು ಬಿಸಿಲು ಸಿಕ್ಕಿದ್ದರಿಂದಲೋ, ನೋಡಿದರೆ ತಿಳಿಯುವುದಿಲ್ಲ. ಬೀಜದ ತಂದೆ ಯಾರೋ, ಅದೂ ಗೊತ್ತಿಲ್ಲ. ಅದಕ್ಕೇ ಅಂಥದ್ದನ್ನು ‘ಪ್ಲಸ್ ಮರ’ ಅಂತ ಗುರುತು ಹಾಕಿ, ಅದರ ಸಸಿಗಳನ್ನು ಬೇರೆ ತಾಯಂದಿರ ಸಸಿಗಳ ಜೊತೆ ನಾಲ್ಕಾರು ಕಡೆ ನೆಟ್ಟು ಅಳೆಯುತ್ತಾರೆ. ಮಕ್ಕಳು ಎಲ್ಲ ಕಡೆಯೂ ಮುಂದಿದ್ದರೆ ಅದು ರಕ್ತದ ಗುಣ. ಸೋತರೆ, ಬೀಜಕ್ಕೆಂದೇ ಪ್ಲಸ್ ಮರಗಳ ಕಸಿ ನೆಟ್ಟು ಬೆಳೆಸುವ ‘ಬೀಜ ತೋಟ’ದಿಂದ ಆ ತಾಯಿಯ ಕಸಿ ಗಿಡಗಳನ್ನು ಕಡಿದು ತೆಗೆಯುತ್ತಾರೆ.

ಮೀರಾ: ಕ್ಲೋನ್ ಮಾಡಿದರೆ ಆಯ್ತಲ್ಲ. ನೀಲಗಿರಿಯ ಚಿಗುರು ಕಡ್ಡಿ ಬೇರು ಬಿಟ್ಟರೆ ಅದು ತಾಯಿಯದೇ ಪಡಿಯಚ್ಚು. ಬ್ರೆಜಿಲ್‌ನಲ್ಲಿ ಕಾಗದಕ್ಕೆ ಹೀಗೇ ಬೆಳೆದು 6-7 ವರ್ಷಕ್ಕೆ ಕಟಾವು ಮಾಡುತ್ತಾರೆ.

ಹಳೆಬೇರು: ನನಗೆ ಭಯ ಅಲ್ಲೇ. ಒಂದೇ ಕ್ಲೋನ್ ಇದ್ದರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಅಮೆರಿಕದ ಚೆಸ್ಟ್‌ನಟ್ ಮರ ನೋಡಿ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಶಿಲೀಂಧ್ರ ಕಾಣಿಸಿತು. ಅರ್ಧ ಶತಮಾನದೊಳಗೆ ನೂರಾರು ಕೋಟಿ ಮರ ಹೋದವು.

ಮೀರಾ: ಅವು ಕ್ಲೋನ್ ಅಲ್ವಲ್ಲ, ಕಾಡು ಮರಗಳು. ವೈವಿಧ್ಯ ಇದ್ದೂ ಸತ್ತವು.

ಹಳೆಬೇರು: ಒಪ್ಪಿದೆ, ಉದಾಹರಣೆ ಸರಿಯಾಗಿ ಹೊಂದಲಿಲ್ಲ. ಆದರೆ ಮುಂದಿನ ಕಥೆ ಕೇಳಿ. ರೋಗ ತಡೆಯುವ ಗುಣ ಇದ್ದದ್ದು ಚೀನಾದ ಚೆಸ್ಟ್‌ನಟ್‌ನಲ್ಲಿ. ಎರಡನ್ನೂ ಕೂಡಿಸಿ, ಹುಟ್ಟಿದ್ದನ್ನು ಮತ್ತೆ ಮತ್ತೆ ಅಮೆರಿಕದ ಮರಕ್ಕೇ ಕೂಡಿಸುತ್ತಾ ಬಂದರು. ಎರಡು ಮೂರು ಜೀನ್‌ಗಳ ಕೆಲಸ ಅಂದುಕೊಂಡಿದ್ದರು, ತುಂಬಾ ಜೀನ್‌ಗಳು ಅಂತ ಆಮೇಲೆ ತಿಳಿಯಿತು. ಯುರೋಪಿನ ಆಶ್ ಮರಕ್ಕೆ ರೋಗ ಬಂದಾಗಲೂ ಅಷ್ಟೇ. ತಡೆದುಕೊಂಡು ನಿಂತ ಕೆಲವೇ ಮರಗಳನ್ನು ಹುಡುಕಿ ಕಸಿ ಕಟ್ಟುತ್ತಿದ್ದಾರೆ. ಇವತ್ತು ಬೇಡ ಅಂತ ಕಡಿದ ಮರದಲ್ಲೇ ನಾಳೆ ಬೇಕಾದ ಜೀನ್ ಇರಬಹುದು!

ಸಸಿಗಾರ: ಅದಕ್ಕೇ ನೆಡುವುದಕ್ಕೆ ಆರಿಸಿದ ಕೆಲವು ಬೇರೆ, ತಳಿ ಮಾಡಲು ಉಳಿಸಿಕೊಂಡ ನೂರಾರು ಬೇರೆ. ಎತ್ತರ, ದಪ್ಪ ಎರಡೇ ನೋಡಿದರೂ ಸಾಲದು. ಕಾಂಡಕ್ಕೆ ಕೊಳವೆಯಂಥ ಬೈರಿಗೆ ತಿರುಗಿಸಿ ಪೆನ್ಸಿಲ್‌ನಷ್ಟು ದಪ್ಪದ ಕಡ್ಡಿ ತೆಗೆಯುತ್ತೇವೆ. ನಡುವಿನದು ಮರ ಚಿಕ್ಕದಿದ್ದಾಗ ಬೆಳೆದ ಎಳೆ ಭಾಗ, ಉಗುರು ಒತ್ತಿದರೆ ತಗ್ಗುತ್ತದೆ, ಹೊರಗಿನದು ಜಗ್ಗುವುದಿಲ್ಲ. ಬೇಗ ಬೆಳೆದದ್ದನ್ನು ಬೇಗ ಕಡಿದರೆ ಆ ಎಳೆಯದೇ ಜಾಸ್ತಿ. ಹಲಗೆಗೆ ಅದು ಆಗದು.

ನೆರಳು: ಪರೀಕ್ಷೆ ಮಾಡಿದ ಬೀಜ ಸಿಗದಿದ್ದರೆ ಏನು ಮಾಡಲಿ?

ಸಸಿಗಾರ: ಒಂದೇ ಮರಕ್ಕೆ ಜೋತುಬೀಳಬೇಡಿ. ಇಪ್ಪತ್ತು ಮೂವತ್ತು ಮರಗಳಿಂದ ಬೀಜ ತನ್ನಿ, ಒಂದಕ್ಕೊಂದು ನೂರು ಮೀಟರ್ ದೂರವಿರಲಿ. ಅಕ್ಕಪಕ್ಕದವು ಅಕ್ಕತಂಗಿಯರಾಗಿರಬಹುದು. ಒಂಟಿ ಮರ ಬಿಟ್ಟುಬಿಡಿ, ತನ್ನದೇ ಪರಾಗದಿಂದ ಕಾಯಿ ಕಟ್ಟಿದ್ದರೆ ಸಸಿಗಳು ಸೊರಗುತ್ತವೆ.