7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮಷೀನ್: ಆನ್‌ಲೈನ್ 37% ರಿಯಾಯಿತಿ ನಿಜವಾ, ಹಾಸನದ ಅಂಗಡಿಯೇ ವಾಸಿನಾ?

ತೋಟದಮನೆ (ಸಕಲೇಶಪುರ)
ಆನ್‌ಲೈನಲ್ಲಿ ಎಂಆರ್‌ಪಿ 42,990 ಅಂತ ಗೀಟು ಹೊಡೆದು 26,990 ತೋರಿಸ್ತಿದೆ. ಕ್ರೆಡಿಟ್ ಕಾರ್ಡಿಗೆ ಇನ್ನೂ 10%, ಆದರೆ 1,500ರವರೆಗೆ ಮಾತ್ರ. ಆರು ತಿಂಗಳ ನೋ ಕಾಸ್ಟ್ ಇಎಂಐ ಇದೆ. ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಅದೇ ಕಂಪನಿಯ 7 ಕೆಜಿ ಮಷೀನ್ 28,500, ಸ್ಟ್ಯಾಂಡ್ ಸಮೇತ ಮನೆಗೆ ತಂದು ಕೊಡ್ತಾರೆ. ಆನ್‌ಲೈನ್ ಆಫರ್ ನಾಳೆ ರಾತ್ರಿಗೆ ಮುಗಿಯುತ್ತಂತೆ. ಯಾವುದು ಲಾಭ?

ಲೆಕ್ಕದ ಪುಸ್ತಕ
ಮೊದಲು ಆ 37% ಮರೆತುಬಿಡಿ ಸರ್. ಎಂಆರ್‌ಪಿ ಅಂದ್ರೆ ಇದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಕಂಪನಿಯೇ ಅಚ್ಚು ಹಾಕೋ ಮಿತಿ. ಮಾರುವ ಬೆಲೆಗಿಂತ ಅದು ಎಷ್ಟು ಮೇಲಿದ್ದರೂ ಕೇಳೋರಿಲ್ಲ. ಹಾಗಾಗಿ ಅದರ ಮೇಲೆ ಲೆಕ್ಕ ಹಾಕಿದ ಶೇಕಡಾವಾರಿಗೆ ಅರ್ಥವಿಲ್ಲ.

ನೋಡಬೇಕಾದ್ದು ಹಿಂದಿನ ಬೆಲೆ. ಅಮೆಜಾನ್‌ಗೆ ಕೀಪಾ ಇದೆ, ಬೇರೆ ತಾಣಗಳಿಗೂ ಬೆಲೆ ಇತಿಹಾಸ ತೋರಿಸೋ ಆ್ಯಪ್‌ಗಳಿವೆ. ಲಿಂಕ್ ಹಾಕಿ ಆರು ತಿಂಗಳ ಗ್ರಾಫ್ ತೆಗೀರಿ. ಅತಿ ಕಡಿಮೆ ಬೆಲೆ ಹುಡುಕಬೇಡಿ, ಹೆಚ್ಚು ದಿನ ಯಾವ ಬೆಲೆಯಲ್ಲಿ ನಿಂತಿತ್ತು ಅನ್ನೋದನ್ನು ನೋಡಿ. ಅದು 27,500 ಆಗಿದ್ದರೆ ಇವತ್ತಿನ ಉಳಿತಾಯ 510 ರೂಪಾಯಿ, 16,000 ಅಲ್ಲ. ಸೇಲ್‌ಗೆ ಎರಡು ಮೂರು ವಾರ ಮುಂಚೆ ಗ್ರಾಫ್ ಏರಿ ಸೇಲ್ ದಿನ ಇಳಿದಿದ್ದರೆ, ಆ ಏರಿಕೆಯನ್ನು ಲೆಕ್ಕಕ್ಕೇ ತಗೋಬೇಡಿ. ಒಂದು ಕೊರತೆ: ಕಾರ್ಡ್ ಆಫರ್, ಕೂಪನ್ ಸಾಮಾನ್ಯವಾಗಿ ಗ್ರಾಫ್‌ನಲ್ಲಿ ಬರಲ್ಲ.

'ನಾಳೆ ರಾತ್ರಿ'ಗೆ ಹೆದರಬೇಡಿ. ಸುಳ್ಳು ಗಡುವು ತೋರಿಸಿ ಅವಸರ ಹುಟ್ಟಿಸೋದನ್ನು 2023ರ ಡಾರ್ಕ್ ಪ್ಯಾಟರ್ನ್ (ಆನ್‌ಲೈನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸೋ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ. ಗಡುವು ಮುಗಿದ ಮೇಲೂ ಅದೇ ಬೆಲೆ ಇದ್ರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಸರ್ವಿಸ್ ಟೇಬಲ್
'ಅದೇ ಕಂಪನಿಯ 7 ಕೆಜಿ' ಅಂದ್ರೆ ಸಾಲದು. ಎರಡರದ್ದೂ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ, ಕೊನೆಯ ಅಕ್ಷರದವರೆಗೆ. ಆನ್‌ಲೈನಿಗೇ ಅಂತ ಮಾಡಿದ ಮಾದರಿಗಳಿರುತ್ತವೆ: ಹೊರಗೆ ಒಂದೇ ರೂಪ, ಒಳಗೆ ಸ್ಪಿನ್ ವೇಗ (ಬಟ್ಟೆ ಹಿಂಡೋಕೆ ಡ್ರಮ್ ತಿರುಗೋ ವೇಗ) ಕಡಿಮೆ ಅಥವಾ ಹೀಟರ್ ಇಲ್ಲ.

ಆಮೇಲೆ ಪಿನ್ ಕೋಡ್. ಹಾಸನದ 573201 ಹಾಕಿ ನೋಡಿದ ಬೆಲೆಯನ್ನು ನಂಬಬೇಡಿ, ಸಕಲೇಶಪುರದ 573134 ಹಾಕಿ. ಮಾರಾಟಗಾರ, ಡೆಲಿವರಿ ಚಾರ್ಜು, ಹಳೇ ಮಷೀನ್ ಎಕ್ಸ್‌ಚೇಂಜ್ ಎಲ್ಲಾ ಬದಲಾಗಬಹುದು. ತೋಟದ ಮನೆಗೆ ಇನ್‌ಸ್ಟಲೇಶನ್‌ಗೆ ಬರ್ತಾರಾ ಅಂತ ಕಂಪನಿಯ ಕಸ್ಟಮರ್ ಕೇರ್‌ಗೇ ಫೋನ್ ಮಾಡಿ ಕೇಳಿ, ಮಾರೋ ತಾಣವನ್ನಲ್ಲ.

ನೀರಿನ ಒತ್ತಡವನ್ನೂ ನೋಡಿ. ಹಲವು ಫ್ರಂಟ್ ಲೋಡ್‌ಗಳಿಗೆ ಕನಿಷ್ಠ 0.3 ಬಾರ್ ಬೇಕು, ಅಂದ್ರೆ ಟ್ಯಾಂಕಿನ ನೀರು ಮಷೀನ್‌ಗಿಂತ ಸುಮಾರು 3 ಮೀಟರ್ ಎತ್ತರದಲ್ಲಿರಬೇಕು. ಹೆಂಚಿನ ಮನೆಯ ಅಟ್ಟಕ್ಕೆ ತಾಗಿಸಿಟ್ಟ ಟ್ಯಾಂಕ್ ಆದ್ರೆ ಸಾಲದು. ಪ್ರೆಶರ್ ಪಂಪ್ ಹಾಕಿಸಬೇಕಾದ್ರೆ ರಿಯಾಯಿತಿಯೆಲ್ಲಾ ಅಲ್ಲಿಗೇ ಹೋಯ್ತು.

ತೋಟದಮನೆ
ನೋಡಿದೆ. ಕೊನೆಯ ಎರಡು ಅಕ್ಷರ ಬೇರೆ. ಸ್ಪಿನ್ ವೇಗ ಆನ್‌ಲೈನ್‌ದು 1000 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಅಂಗಡಿದು 1200. ಹೀಟರ್ ಎರಡರಲ್ಲೂ ಇದೆ. ಟ್ಯಾಂಕ್ 4 ಮೀಟರ್ ಮೇಲಿದೆ. ಇಎಂಐ ಹಾಕಿದ್ರೆ ಹೇಗೆ?

ಲೆಕ್ಕದ ಪುಸ್ತಕ
ನೋ ಕಾಸ್ಟ್ ಅಂದ್ರೂ ಬ್ಯಾಂಕ್ ಬಡ್ಡಿ ಹಾಕೇ ಹಾಕುತ್ತೆ, ಅಷ್ಟನ್ನು ಬೆಲೆಯಲ್ಲಿ ಮುಂಚೇನೇ ಕಳೀತಾರೆ. ಬಡ್ಡಿ ಮೇಲಿನ 18% ಜಿಎಸ್‌ಟಿ ಮಾತ್ರ ನಿಮ್ಮ ತಲೆಗೆ. ಕಾರ್ಡ್ ರಿಯಾಯಿತಿ ಕಳೆದು 25,490. ವರ್ಷಕ್ಕೆ 16% ಅಂತ ಹಿಡಿದ್ರೆ ಆರು ತಿಂಗಳ ಬಡ್ಡಿ ಸುಮಾರು 1,150, ಅದರ ಜಿಎಸ್‌ಟಿ 207. ಪ್ರೊಸೆಸಿಂಗ್ ಫೀ 199 ಇದ್ರೆ ತೆರಿಗೆ ಸೇರಿ 235. ಒಟ್ಟು 442 ಹೆಚ್ಚುವರಿ. ಆ 10% ಇಎಂಐಗೂ ಸಿಗುತ್ತಾ, ಪೂರ್ತಿ ಹಣ ಒಂದೇ ಸಲ ಕಟ್ಟಿದ್ರೆ ಮಾತ್ರವಾ ಅಂತ ಷರತ್ತು ಓದಿ. ತಕ್ಷಣ ಕಡಿತವಾ, ಆಮೇಲೆ ಬರೋ ಕ್ಯಾಶ್‌ಬ್ಯಾಕಾ ಅನ್ನೋದೂ ಅಲ್ಲೇ ಇರುತ್ತೆ.

ಸ್ಟ್ಯಾಂಡಿಗೆ 1,000 ಸೇರಿಸಿ: ಆನ್‌ಲೈನ್ 26,932, ಅಂಗಡಿ 28,500. ಅಂತರ 1,568.

ಸರ್ವಿಸ್ ಟೇಬಲ್
ಆ ಅಂತರಕ್ಕೆ 1200 ಆರ್‌ಪಿಎಂ ಬರ್ತಿದೆ ಅಂದ್ರೆ ಅಂಗಡಿಯದೇ ತಗೊಳ್ಳಿ. ಬಯಲುಸೀಮೆಯವರಿಗೆ ನಾನು ಹೀಗೆ ಹೇಳ್ತಿರಲಿಲ್ಲ. ಸಕಲೇಶಪುರದ ಜುಲೈನಲ್ಲಿ ಬಟ್ಟೆಯಲ್ಲಿ ಉಳಿಯೋ ನೀರು ಕಡಿಮೆ ಆದಷ್ಟೂ ಒಳ್ಳೇದು. 25,490ರ ಪುಟ ತೋರಿಸಿ ಚೌಕಾಸಿ ಮಾಡಿ. ಐನೂರು ಇಳಿಸಬಹುದು, ಇಲ್ಲಾಂದ್ರೆ ಕವರ್ರು, ಪೈಪು ಸೇರಿಸಿ ಕೊಡಬಹುದು. ಜಿಎಸ್‌ಟಿ ಬಿಲ್ಲಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆ ಮೇಲಿನದಕ್ಕೆ ಅಲ್ಲೇ ತಾಳೆ ನೋಡಿ. ಡ್ರಮ್ ಹಿಡಿದಿರೋ ಟ್ರಾನ್ಸಿಟ್ ಬೋಲ್ಟ್ ಬಿಚ್ಚದೆ ಮಷೀನ್ ಓಡಿಸಬೇಡಿ, ಅದನ್ನು ಕಂಪನಿಯ ಮೆಕ್ಯಾನಿಕ್ಕೇ ಬಿಚ್ಚಲಿ.