ಬೇಟೆಗಿಡುಗದ ದಣಿವಿಗೆ ಪದ ಬೇಕು (ಬೋರ್ಡ್ ನಾಳೆ ಪ್ರಿಂಟ್‌ಗೆ)

ಕೊಪ್ಪಳದಿಂದ:
ಗೆಳೆಯರೇ, ತುರ್ತಾಗಿ ಬೇಕು. ಅಬುಧಾಬಿಯಲ್ಲಿ ಬೇಟೆಯ ಗಿಡುಗ ಸಾಕುವ ಕಡೆ ನಮ್ಮ ಭಾಗದ ಹುಡುಗರು ಕೆಲಸಕ್ಕಿದ್ದಾರೆ. ಅವರಿಗಾಗಿ ಗೋಡೆಯ ಬೋರ್ಡ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮೂರು ಸ್ಥಿತಿ ಬರುತ್ತವೆ. ಹಾರಿಸಿ ಇಳಿಸಿದ ಮೇಲೆ ಹಕ್ಕಿ ಬಾಯಿ ತೆರೆದು ಉಸಿರಾಡುತ್ತದೆ, ರೆಕ್ಕೆ ಸ್ವಲ್ಪ ಇಳಿಬಿಡುತ್ತದೆ. ನೆರಳಲ್ಲಿ ಕೂರಿಸಿದರೆ ಕೆಲವೇ ನಿಮಿಷಕ್ಕೆ ಸರಿಹೋಗುತ್ತದೆ. ಇನ್ನೊಂದರಲ್ಲಿ ತೂಕ ಇಳಿದಿದೆ, ಎದೆಮೂಳೆ ಬೆರಳಿಗೆ ಚೂಪಾಗಿ ಸಿಗುತ್ತದೆ, ಹಾರಲು ಬಲವಿಲ್ಲ. ಕೊನೆಯದರಲ್ಲಿ ಹಾರದೆ ಕೂತಿದ್ದರೂ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚುತ್ತದೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಡಾಕ್ಟರ್ ಬೇಕು. ಮೂರಕ್ಕೂ ‘ಸುಸ್ತು’ ಎಂದು ಬರೆದರೆ ಹುಡುಗರು ಮೂರನ್ನೂ ನೆರಳಿಗೆ ಕಟ್ಟಿ ಸುಮ್ನೆ ಇದ್ದುಬಿಡುತ್ತಾರೆ.

ಬಳ್ಳಾರಿಯಿಂದ:
‘ಸುಸ್ತು’ ಪಾರಸಿ. ಬೇಡ. ದಣಿವು, ಸೊರಗು, ಬೇನೆ. ಮುಗಿಯಿತು.
ಅಂದ ಹಾಗೆ ‘ಗಿಡುಗ’ ಯಾಕೆ? ‘ಸಾಳುವ’ ಎನ್ನಿ. 1485ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನ ಮನೆತನಕ್ಕೆ ಈ ಬೇಟೆಹಕ್ಕಿಯದೇ ಹೆಸರು. ತುಂಗಭದ್ರೆಯ ದಂಡೆಯವರೇ ಈ ಪದ ಮರೆತರೆ ಹೇಗೆ?

ರಾಯಚೂರಿನಿಂದ:
ಸರ್, ಹುಡುಗರು ಹಕ್ಕಿ ನೋಡಿಕೊಳ್ಳಬೇಕು, ಶಾಸನ ಓದುವುದಿಲ್ಲ. ನಮ್ಮ ಕಡೆ ಬ್ಯಾನಿ ಎಂದರೆ ಮೊದಲು ನೋವು: ಹೊಟ್ಟೆಬ್ಯಾನಿ, ಹಲ್ಲುಬ್ಯಾನಿ. ಅದೂ ಸಂಸ್ಕೃತದ ‘ವೇದನೆ’ಯಿಂದ ಬಂದದ್ದು, ನಿಮಗೆ ಗೊತ್ತೇ ಇದೆ.
ಮೊದಲನೆಯದಕ್ಕೆ ‘ದಣಿವು’ ಕೂಡ ಪೂರ್ತಿ ಹೊಂದುವುದಿಲ್ಲ. ಹಕ್ಕಿ ಬೆವರುವುದಿಲ್ಲ, ಬಾಯಿ ತೆರೆದೇ ಮೈಕಾವು ಇಳಿಸುತ್ತದೆ. ಬಿಸಿಲಲ್ಲಿ ಹಾರದೆ ಕೂತರೂ ಹಾಗೆ ಮಾಡುತ್ತದೆ. ‘ತೇಕು’ ಹಾಕಿ. ಗಳೆ ಹೊಡೆದ ಎತ್ತು ತೇಕುವುದನ್ನು ನೋಡದ ಹುಡುಗ ನಮ್ಮಲ್ಲಿಲ್ಲ. ನೆರಳಿಗೆ ತಂದ ಮೇಲೂ ತೇಕು ನಿಲ್ಲದಿದ್ದರೆ ಮೂರನೆಯ ಸಾಲು ನೋಡಿ ಎಂದೂ ಸೇರಿಸಿ. ಎರಡನೆಯದಕ್ಕೆ ‘ನಿತ್ರಾಣ’. ಅದು ಬರೀ ಕಣ್ಣಿಗೆ ಕಾಣದು, ಪುಕ್ಕ ಮುಚ್ಚಿಬಿಡುತ್ತದೆ. ದಿನಾ ತೂಗಿದರೆ, ಎದೆ ಮುಟ್ಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕೊನೆಯದಕ್ಕೆ ‘ಜಡ್ಡು’, ನಮ್ಮ ಕಡೆ ಕಾಯಿಲೆಗೆ ಹೇಳುವ ಮಾತು. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಬಳ್ಳಾರಿಯಿಂದ:
‘ಬೇನೆ’ ತದ್ಭವ. ಕನ್ನಡದ ಬಾಯಲ್ಲಿ ನುರಿದದ್ದು. ಸುಸ್ತು ಹಾಗಲ್ಲ. ‘ನಿತ್ರಾಣ’ದ ಬಗ್ಗೆ ಮಾತೇ ಬೇಡ.

ರಾಯಚೂರಿನಿಂದ:
1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ದವಾಖಾನೆ, ತಾರೀಖು, ಸುಸ್ತು ಇಲ್ಲಿ ಅಜ್ಜಿಯರ ಮಾತು. ನೀವು ಮದ್ರಾಸಿನ ಕಡೆ ಇದ್ದವರು, ನಿಮಗೆ ಹೊರಗಿನದು ಅನ್ನಿಸಬಹುದು. ಆದರೆ ತಹಸೀಲ್ದಾರರಿಗೆ ಅರ್ಜಿ ಕೊಡುವಾಗ ಏನು ಬರೆಯುತ್ತೀರಿ, ಸರ್?

ಬಳ್ಳಾರಿಯಿಂದ:
ಬೇರೆ ವಿಷಯ ಅದು.

ಕೊಪ್ಪಳದಿಂದ:
ತೇಕು, ನಿತ್ರಾಣ, ಜಡ್ಡು ಹಾಕುತ್ತಿದ್ದೇನೆ. ಹಕ್ಕಿಯ ಹೆಸರು ‘ಗಿಡುಗ’ವೇ ಇರಲಿ. ಇನ್ನೊಂದೇ ಸಾಲು ಉಳಿದಿದೆ: ಮೈ ಕೊಡವಿ, ಒಂದು ಕಾಲು ಮಡಚಿ ನಿಂತರೆ ಹಕ್ಕಿ ಆರಾಮಾಗಿದೆ ಎಂದರ್ಥ. ‘ಆರಾಮು’ ಕೂಡ ಪಾರಸಿ ಅಲ್ವಾ?

ಬಳ್ಳಾರಿಯಿಂದ:
‘ಹಾಯಾಗಿದೆ’ ಎಂದು ಬರೆಯಿರಿ.